ಎರಚಿದ ಹೊನ್ನು, ಬಿಟ್ಟ ಶಬ್ದ

ಜಪಾನೀಯರ ‘ಮಾಕಿ-ಎ’ ಎಂಬ ಮಾತಿಗೆ ‘ಎರಚಿದ ಚಿತ್ರ’ವೆಂದರ್ಥ. ಮರದ ಸಾಮಾನಿಗೆ ಉರುಷಿ ವೃಕ್ಷದ ರಸವನ್ನು ಪದರಪದರವಾಗಿ ಬಳಿದು, ಅದೇ ರಸದಿಂದ ಚಿತ್ರವನ್ನು ಬರೆದು, ಅದು ಹಸಿಯಾಗಿರುವಾಗಲೇ ಚಿನ್ನದ ಅಥವಾ ಬೆಳ್ಳಿಯ ಪುಡಿಯನ್ನು ಕೊಳವೆಯಿಂದ ಉದುರಿಸುವರು. (ನಮ್ಮ ಚನ್ನಪಟ್ಟಣದ ಬೊಂಬೆಗಳ ಅರಗು ಕೀಟಜನ್ಯವಾದುದು, ಎರಡನ್ನೂ ಒಂದೆಂದೆಣಿಸಬಾರದು.)

ಇಂತಹ ಕೆಲಸವನ್ನು ಕೈಚಳಕವೆಂದು ಹೊಗಳಿ ಸಾಹಿತ್ಯವಿಚಾರದಿಂದ ದೂರವಿಡುವುದು ವಾಡಿಕೆ. ಚಿನ್ನವು ಹೊರಗಿನಿಂದ ಅಂಟಿಸಿದ ಅಲಂಕಾರಮಾತ್ರವೆಂಬ ಭಾವನೆಯೇ ಇದಕ್ಕೆ ಕಾರಣ. ಹೊನಾಮಿ ಕೋಎತ್ಸುವಿನ (1558–1637) ಹೆಸರಿನಿಂದ ಪ್ರಸಿದ್ಧವಾದ ‘ಫುನಾಬಾಶಿ’ ಎಂಬ ಬರವಣಿಗೆಯ ಪೆಟ್ಟಿಗೆಯನ್ನು ನೋಡಿದವರು ಹಾಗೆನ್ನಲಾರರು. ಫುನಾಬಾಶಿಯೆಂದರೆ ದೋಣಿಗಳ ಸಾಲಿನ ಮೇಲೆ ಹಾಸಿದ ಸೇತುವೆ. ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಈ ಪೆಟ್ಟಿಗೆಯ ಉಬ್ಬಿದ ಮುಚ್ಚಳದಲ್ಲಿ ಹೊನ್ನಿನ ನೆಲದ ಮೇಲೆ ದೋಣಿಗಳು. ಅವುಗಳಿಗೆ ಅಡ್ಡವಾಗಿ ಸೀಸದ ಅಗಲವಾದ ಪಟ್ಟಿ. ಅಲ್ಲಲ್ಲಿ ಬೆಳ್ಳಿಯ ಅಕ್ಷರಗಳಲ್ಲಿ ‘ಗೋಸೆನ್’ ಸಂಕಲನದ ಒಂದು ಪ್ರೇಮಪದ್ಯ. ಆದರೆ ಪದ್ಯದಲ್ಲಿ ಒಂದು ಶಬ್ದವಿಲ್ಲ. ‘ಫುನಾಬಾಶಿ’ಯೇ ಆ ಶಬ್ದ! ಪದ್ಯದ ಶ್ಲೇಷವೆಲ್ಲ ಅದನ್ನೇ ಆಶ್ರಯಿಸಿರುವುದು: ‘ವತಾರು’ ಎಂದರೆ ದಾಟುವುದು, ಎಡೆಬಿಡದೆ ಮುಂದುವರಿಯುವುದೂ ಹೌದು. ಸೇತುವೆಯಿಲ್ಲದೆ ಆ ಪ್ರೇಮಿಯ ಹಂಬಲಕ್ಕೆ ದಾರಿಯೇ ಇಲ್ಲ. ಓದುಗನ ಕಣ್ಣು ಅಕ್ಷರದಿಂದ ಸೀಸಕ್ಕೆ ಬಂದಾಗಲೇ ಅನ್ವಯವು ಪೂರ್ಣವಾಗುವುದು.

ಇದನ್ನು ಧ್ವನಿಯೆನ್ನಲು ಮನಸ್ಸಾಗುವುದು, ಸರಿಯಲ್ಲ. ಧ್ವನಿಯಲ್ಲಿ ವಾಚ್ಯವು ಬೋಧೆಯಾದ ಮೇಲೆ ಬೇರೊಂದರ್ಥವು ಹೊಳೆಯುವುದು. ಇಲ್ಲಿ ವಾಚ್ಯಕ್ಕೇ ಚಿತ್ರವು ಬೇಕಾಗಿದೆ. ಅಧ್ಯಾಹಾರವೆಂಬುದು ಹೆಚ್ಚು ಸಮೀಪ. ಆದರೆ ಅಧ್ಯಾಹಾರದ ಪದವನ್ನು ಓದುಗನು ಮನಸ್ಸಿನಿಂದ ತಂದುಕೊಳ್ಳುವನು. ಇಲ್ಲಿ ಅದು ಕೈಗೆ ತಗಲುವ ಲೋಹ. ನಮ್ಮ ಲಕ್ಷಣಗ್ರಂಥಗಳ ಹೆಸರುಗಳಲ್ಲಿ ಇದಕ್ಕೆ ಸರಿಯಾಗಿ ಒಪ್ಪುವುದೊಂದೂ ನಮಗೆ ತೋರಲಿಲ್ಲ.

ಒಗಾತ ಕೋರಿನ್ನನ (1658–1716) ‘ಯಾತ್ಸುಹಾಶಿ’ ಪೆಟ್ಟಿಗೆಯ ರೀತಿ ಬೇರೆ. ‘ಇಸೆಯ ಕಥೆಗಳ’ ಪ್ರಯಾಣಿಕನು ‘ಎಂಟು ಸೇತುವೆಗಳು’ ಎಂಬ ಎಡೆಯಲ್ಲಿ ಕಾಕಿತ್ಸುಬಾತ ಹೂಗಳನ್ನು ಕಂಡು, ಆ ಹೆಸರಿನ ಐದಕ್ಷರಗಳನ್ನು ಐದು ಪಾದಗಳ ಆದಿಯಲ್ಲಿಟ್ಟು ವಿರಹಪದ್ಯವನ್ನು ಕಟ್ಟುವನು. ಕೋರಿನ್ನನು ಪ್ರಯಾಣಿಕನನ್ನೂ ಪದ್ಯವನ್ನೂ ಬಿಟ್ಟು ಚಿಪ್ಪಿನ ಹೂ, ಹೊನ್ನಿನ ಎಲೆ, ಸೀಸದ ಹಲಗೆಗಳನ್ನು ಮಾತ್ರ ಉಳಿಸಿದನು. ಕಥೆಯನ್ನು ಬಲ್ಲವರಿಗೆ ಇದು ಧ್ವನಿಯೇ ಸರಿ. ಅರಿಯದವರಿಗೂ ಹೂವಿನ ಚೆಲುವು ತಪ್ಪದು. ಕೋಎತ್ಸುವಿನ ಪೆಟ್ಟಿಗೆಯು ಅಷ್ಟು ಸುಲಭವಾಗಿ ಸಂತೋಷಗೊಡದು. ಆದಕಾರಣವೇ ಸಾಹಿತ್ಯದ ವಿದ್ಯಾರ್ಥಿಗಳಿಗೆ ಮೊದಲು ತೋರಿಸತಕ್ಕುದು ಅದನ್ನು. ಪಾಠಹೇಳುವವರು ಆ ಪದ್ಯವನ್ನು ಹಲಗೆಯ ಮೇಲೆ ಬರೆಯುವಾಗ ಬಿಟ್ಟ ಶಬ್ದದ ಸ್ಥಳವನ್ನು ತುಂಬದೆ, ಚಿತ್ರಪಟವನ್ನು ಪಕ್ಕದಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಬೇಕು.