ಹುಟ್ಟಿನ ಕ್ರಮ ಹಣೆಬರಹವೇ?

ಕುಟುಂಬಗಳನ್ನು ಸಂದರ್ಶಿಸುವಾಗ ತಂದೆತಾಯಿಯರು ತಮ್ಮ ಮಕ್ಕಳನ್ನು ಪರಿಚಯಿಸುವ ರೀತಿಯನ್ನು ನಾನು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇನೆ. "ಇವಳು ದೊಡ್ಡವಳು ಸ್ವಾಮಿ, ಬಹಳ ಜವಾಬ್ದಾರಿ. ಇವನು ನಡುವಿನವನು, ಸ್ವಲ್ಪ ಹಟಮಾರಿ. ಇವನು ಕೊನೆಯವನು, ಮುದ್ದು ಮಾಡಿ ಕೆಡಿಸಿದ್ದೇವೆ." ಮಕ್ಕಳು ಪಕ್ಕದಲ್ಲಿಯೇ ನಿಂತು ತಮ್ಮ ಸ್ವಭಾವದ ಕುರಿತಾದ ಈ ತೀರ್ಪನ್ನು ಕೇಳುತ್ತಿರುತ್ತಾರೆ. ಇಂಥ ತೀರ್ಪಿಗೆ ಶಾಸ್ತ್ರೀಯ ಆಧಾರವಿದೆಯೆಂದು ವಾದಿಸಿದ ಗ್ರಂಥಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ ವಿಜ್ಞಾನ ಇತಿಹಾಸಕಾರ ಫ್ರಾಂಕ್ ಸಲೊವೇ 1996ರಲ್ಲಿ ಪ್ರಕಟಿಸಿದ 'ಬಾರ್ನ್ ಟು ರೆಬೆಲ್'. ಅದರ ವಾದವನ್ನು ಇಂದು ಮತ್ತೊಮ್ಮೆ ಒರೆಗೆ ಹಚ್ಚುವುದು ಉಚಿತ.

ಈ ಚಿಂತನೆಯ ಮೂಲ ವಿಯೆನ್ನಾದ ಮನೋವೈದ್ಯ ಆಲ್‌ಫ್ರೆಡ್ ಆಡ್ಲರ್ (1870–1937) ಅವರಲ್ಲಿದೆ. ಚೊಚ್ಚಲು ಮಗು ಕೆಲಕಾಲ ಮನೆಯ ಏಕೈಕ ಅರಸನಾಗಿದ್ದು, ತಮ್ಮನೋ ತಂಗಿಯೋ ಹುಟ್ಟಿದೊಡನೆ ಸಿಂಹಾಸನ ಕಳೆದುಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಸಲೊವೇ ಇದಕ್ಕೆ ಡಾರ್ವಿನ್ನನ ವಿಕಾಸವಾದವನ್ನು ಜೋಡಿಸಿದರು. ಮಕ್ಕಳು ತಂದೆತಾಯಿಯರ ಗಮನಕ್ಕಾಗಿ ಸ್ಪರ್ಧಿಸುತ್ತಾರೆ. ಹಿರಿಯನು ಹೆತ್ತವರ ಪಕ್ಷ ವಹಿಸಿ ಸಂಪ್ರದಾಯಸ್ಥನಾಗುತ್ತಾನೆ. ಆ ಸ್ಥಾನ ಆಗಲೇ ತುಂಬಿರುವುದರಿಂದ ಕಿರಿಯನು ಹೊಸ ದಾರಿ ಹುಡುಕಿ ಬಂಡಾಯಗಾರನಾಗುತ್ತಾನೆ. ಆರು ಮಕ್ಕಳಲ್ಲಿ ಐದನೆಯವನಾದ ಡಾರ್ವಿನ್, ನಾಲ್ವರಲ್ಲಿ ಕಿರಿಯವನಾದ ಕೋಪರ್ನಿಕಸ್ ಇದಕ್ಕೆ ನಿದರ್ಶನಗಳು. ಸಾವಿರಾರು ಐತಿಹಾಸಿಕ ವ್ಯಕ್ತಿಗಳ ವಿವರ ಕಲೆಹಾಕಿದ ಲೇಖಕರ ಪರಿಶ್ರಮ ಪ್ರಶಂಸನೀಯ. ಒಂದೇ ಮನೆಯ ಮಕ್ಕಳು ಏಕೆ ಇಷ್ಟೊಂದು ಭಿನ್ನರು ಎಂಬ ಪ್ರಶ್ನೆಯೂ ಯಥಾರ್ಥವಾದುದೇ.

ಆದರೆ ಐಸಾಕ್ ನ್ಯೂಟನ್ ತನ್ನ ತಾಯಿಯ ಚೊಚ್ಚಲು ಮಗ. ಆಲ್ಬರ್ಟ್ ಐನ್‌ಸ್ಟೈನ್ ಕೂಡ ಹಿರಿಯ ಮಗನೇ. ಭೌತಶಾಸ್ತ್ರವನ್ನು ಬುಡಮೇಲು ಮಾಡಿದವರು ಇವರೇ ಅಲ್ಲವೇ? ಹೆತ್ತವರೊಡನೆ ಘರ್ಷಣೆ, ಸ್ವಭಾವತಃ ಸಂಕೋಚ ಮುಂತಾದ ಉಪಕಾರಣಗಳಿಂದ ಸಲೊವೇ ಅಪವಾದಗಳಿಗೆ ಸಮಾಧಾನ ಹೇಳುತ್ತಾರೆ. ಆದರೆ ಪ್ರತಿಯೊಂದು ಅಪವಾದಕ್ಕೂ ಹೊಸ ಕಾರಣ ಒದಗಿಸಬಲ್ಲ ಸಿದ್ಧಾಂತವನ್ನು ಪರೀಕ್ಷಿಸುವುದಾದರೂ ಹೇಗೆ?

ಕಾಲವೇ ಆ ಪರೀಕ್ಷೆಯನ್ನು ನಡೆಸಿತು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕ, ಬ್ರಿಟನ್ ಮತ್ತು ಜರ್ಮನಿಯ 20,000ಕ್ಕೂ ಅಧಿಕ ಜನರನ್ನು ಪರಿಶೀಲಿಸಿತು; ಅದೇ ವರ್ಷದ ಮತ್ತೊಂದು ಅಧ್ಯಯನ ಅಮೆರಿಕದ ಸುಮಾರು 3,77,000 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಪರಿಶೀಲಿಸಿತು. ಹುಟ್ಟಿದ ಕ್ರಮಕ್ಕೂ ಕರ್ತವ್ಯಪ್ರಜ್ಞೆ, ಸ್ನೇಹಪರತೆ, ಮನಃಸ್ಥೈರ್ಯಗಳಿಗೂ ಗಣನೀಯ ಸಂಬಂಧ ಎರಡರಲ್ಲಿಯೂ ಕಾಣಲಿಲ್ಲ. 2024ರ ಕೊನೆಯಲ್ಲಿ ಹೊರಬಂದ, 7 ಲಕ್ಷಕ್ಕೂ ಅಧಿಕ ವಯಸ್ಕರನ್ನು ಒಳಗೊಂಡ ಅಧ್ಯಯನವೊಂದು ಪ್ರಾಮಾಣಿಕತೆ, ಹೊಂದಾಣಿಕೆಗಳಲ್ಲಿ ನಡುವಿನವರು ಮತ್ತು ಕಿರಿಯರು ತುಸು ಮುಂದಿದ್ದಾರೆ ಎಂದಿತು; ಆದರೆ ಆ ವ್ಯತ್ಯಾಸದ ಬಹುಪಾಲು ಹೆಚ್ಚು ಮಕ್ಕಳಿರುವ ಮನೆಯಲ್ಲಿ ಬೆಳೆದುದಕ್ಕೆ ಸಂಬಂಧಿಸಿದ್ದು, ಹುಟ್ಟಿದ ಸರದಿಗಲ್ಲ.

ಹಾಗಾದರೆ ಹೆತ್ತವರು ಕಂಡದ್ದೆಲ್ಲ ಸುಳ್ಳೇ? ಅಲ್ಲ. ಅವರು ಕಾಣುವುದು ಹನ್ನೆರಡರ ಮಗಳನ್ನು ಮತ್ತು ಆರರ ಮಗನನ್ನು. ಹನ್ನೆರಡರವಳು ಆರರವನಿಗಿಂತ ಹೊಣೆಯರಿತವಳಾಗಿರುವುದು ವಯೋಧರ್ಮ. ಮನೆಯಲ್ಲಿ ಹಿರಿಯ ಮಗು ಎಂದೆಂದಿಗೂ ವಯಸ್ಸಿನಲ್ಲಿ ಮುಂದಿರುವುದರಿಂದ ವಯಸ್ಸಿನ ಗುಣವನ್ನೇ ನಾವು ಸ್ವಭಾವವೆಂದು ತಿಳಿಯುತ್ತೇವೆ.

ಹುಟ್ಟಿನ ಕ್ರಮ ನಿಜವಾಗಿಯೂ ಪರಿಣಾಮ ಬೀರುವ ಕ್ಷೇತ್ರಗಳು ಬೇರೆ ಇವೆ. ನಾರ್ವೆಯ ಸುಮಾರು 2.4 ಲಕ್ಷ ತರುಣರ ಸೇನಾ ಪರೀಕ್ಷೆಗಳನ್ನು ಆಧರಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿರಿಯ ಮಕ್ಕಳ ಬುದ್ಧಿಮತ್ತೆಯ ಅಂಕ ಎರಡನೆಯವರಿಗಿಂತ ಎರಡು-ಮೂರರಷ್ಟು ಹೆಚ್ಚಿತ್ತು. ಗಮನಾರ್ಹ ಸಂಗತಿಯೆಂದರೆ, ಅಣ್ಣನೋ ಅಕ್ಕನೋ ಶೈಶವದಲ್ಲಿಯೇ ತೀರಿಕೊಂಡು ಹಿರಿಯರಂತೆ ಬೆಳೆದ ಎರಡನೆಯವರ ಅಂಕಗಳೂ ಚೊಚ್ಚಲು ಮಕ್ಕಳ ಅಂಕಗಳಿಗೆ ಸಮೀಪವಾಗಿದ್ದವು. ಅಂದರೆ ವ್ಯತ್ಯಾಸ ಮಾಡಿದ್ದು ಗರ್ಭವಲ್ಲ, ಮನೆ. ನಮ್ಮ ದೇಶದ ಚಿತ್ರ ಇನ್ನೂ ಕಠೋರ. ಭಾರತದ ಮಕ್ಕಳ ಎತ್ತರವನ್ನು ಆಫ್ರಿಕಾದ 25 ದೇಶಗಳ ಮಕ್ಕಳ ಎತ್ತರದೊಡನೆ ಹೋಲಿಸಿದ ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆಯವರ 2017ರ ಅಧ್ಯಯನದ ಪ್ರಕಾರ, ನಮ್ಮ ಚೊಚ್ಚಲು ಮಕ್ಕಳು ಹಿಂದುಳಿದಿಲ್ಲ. ಎರಡನೆಯ ಮಗುವಿನಿಂದ ಕೊರತೆ ಆರಂಭವಾಗಿ ಮುಂದಿನ ಮಕ್ಕಳಲ್ಲಿ ಹೆಚ್ಚುತ್ತ ಹೋಗುತ್ತದೆ. ಹಿರಿಯ ಮಗನ ಮೇಲಿನ ವ್ಯಾಮೋಹ ಇದಕ್ಕೆ ಒಂದು ಮುಖ್ಯ ಕಾರಣವೆಂದು ಅವರು ವಾದಿಸುತ್ತಾರೆ. ಇಲ್ಲಿರುವುದು ಸ್ವಭಾವದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

ನಮ್ಮ ನುಡಿಯನ್ನೇ ನೋಡಿ. ಇಂಗ್ಲಿಷಿನ 'ಬ್ರದರ್' ಎಂಬ ಶಬ್ದ ಹಿರಿಯನೋ ಕಿರಿಯನೋ ಎಂಬುದನ್ನು ಹೇಳುವುದಿಲ್ಲ. ಕನ್ನಡದಲ್ಲಿ ಅಣ್ಣನೋ ತಮ್ಮನೋ, ಅಕ್ಕನೋ ತಂಗಿಯೋ ಎಂಬುದನ್ನು ನಿರ್ಧರಿಸದೆ ಮನೆಯಲ್ಲಿ ಕರೆಯಲೇ ಆಗದು. ಈ ಶಬ್ದಗಳಲ್ಲಿ ಮಮತೆಯಿದೆ, ಹೊರೆಯೂ ಇದೆ. ಅವಳಿಗಳಾದ ಏಸಾವ-ಯಕೋಬರ ನಡುವೆ ಇದ್ದುದು ಕೆಲವೇ ಕ್ಷಣಗಳ ಅಂತರ. ಆದರೂ ಚೊಚ್ಚಲತನದ ಹಕ್ಕಿಗಾಗಿ ಒಂದು ಕುಟುಂಬವೇ ಒಡೆಯಿತು. ಆ ಕ್ಷಣಗಳಿಗೆ ಅಷ್ಟು ಬೆಲೆ ಕಟ್ಟಿದ್ದು ಸಮಾಜವೇ ಹೊರತು ಪ್ರಕೃತಿಯಲ್ಲ.

ನನ್ನ ಮನೆಯ ಮಾತನ್ನು ಹೇಳಿ ಮುಗಿಸುತ್ತೇನೆ. ಐವರು ಮಕ್ಕಳಲ್ಲಿ ನಾನು ನಾಲ್ಕನೆಯವನು. ಹಿರಿಯಕ್ಕ ಏಳನೆಯ ತರಗತಿಗೇ ಶಾಲೆ ಬಿಟ್ಟಳು. ಅಮ್ಮ ಕೂಲಿಗೆ ಹೋದಾಗ ನಮಗೆ ಗಂಜಿ ಕಾಯಿಸಿದವಳು, ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳೇ. "ಅವಳಿಗೆ ಹುಟ್ಟಿನಿಂದಲೇ ತಾಯಿಗುಣ" ಎಂದು ನಾವೆಲ್ಲರೂ ಹೇಳುತ್ತಿದ್ದೆವು. ಸೆಮಿನರಿಯಲ್ಲಿ ತತ್ವಶಾಸ್ತ್ರ, ಮನಶ್ಶಾಸ್ತ್ರಗಳನ್ನು ಓದಿದ ನಾನೂ ಹಾಗೆಯೇ ನಂಬಿದ್ದೆ. ಕೆಲವು ವರ್ಷಗಳ ಹಿಂದೆ ಅವಳ ಮನೆಯಲ್ಲಿ ಊಟಕ್ಕೆ ಕುಳಿತಾಗ ಅದೇ ಮಾತನ್ನು ಪ್ರಶಂಸೆಯಾಗಿ ಆಡಿದೆ. ಅವಳು ಬಡಿಸುತ್ತಲೇ ಹೇಳಿದಳು: "ಗುಣ ಎಲ್ಲಿಂದ ಬರಬೇಕು ತಮ್ಮಾ? ನನಗೆ ಓದಬೇಕು ಅಂತಲೇ ಆಸೆಯಿತ್ತು. ನೀನೇನು ಬೇಕು ಅಂತ ಆಗ ನನ್ನನ್ನು ಯಾರೂ ಕೇಳಲಿಲ್ಲ."

ಅಂದಿನಿಂದ ಈ ಸಿದ್ಧಾಂತವನ್ನು ಓದುವಾಗಲೆಲ್ಲ ನನಗೆ ಅಳುಕು. ಅದರ ದೊಡ್ಡ ದೋಷ ಅಂಕಿಅಂಶಗಳಲ್ಲಿ ಸೋತದ್ದಲ್ಲ. ಒಬ್ಬರ ಮೇಲೆ ನಾವು ಹೊರಿಸಿದ ಭಾರವನ್ನು ಅವರ ಗುಣವೆಂದು ಕರೆದು, ನಮ್ಮ ಋಣದಿಂದ ಜಾರಿಕೊಳ್ಳಲು ಅದು ಅನುಕೂಲ ಮಾಡಿಕೊಡುತ್ತದೆ. ಮಗುವಿನ ವಿಷಯದಲ್ಲಿ ಮುಖ್ಯವಾದುದು ಹುಟ್ಟಿದ ಸಂಖ್ಯೆಯಲ್ಲ, ಅದು ಹುಟ್ಟಿ ಬಂದ ಪರಿಸ್ಥಿತಿ ಎಂದು ಆಡ್ಲರ್ ಅವರೇ ಎಚ್ಚರಿಸಿದ್ದರು. ಅನುಯಾಯಿಗಳು ಆ ಎಚ್ಚರಿಕೆಯನ್ನು ಮರೆತರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ನಡುವಿನ ಮಗು ಎಂಬುದೇ ಅಪರೂಪವಾಗುತ್ತಿರುವ ಈ ಕಾಲದಲ್ಲಿ, ಇರುವ ಒಂದೆರಡು ಮಕ್ಕಳನ್ನಾದರೂ ಸರದಿಯ ಸಂಖ್ಯೆಯಿಂದ ಅಳೆಯದೆ, ನಿನಗೇನು ಬೇಕು ಎಂದು ಕೇಳುವ ವ್ಯವಧಾನ ನಮ್ಮ ಮನೆಗಳಿಗೆ ಬರಲಿ.