ಲಿನ್ ಹ್ವೈ-ಮಿನ್: ನೆಲ ನಂಬಿದ ನೃತ್ಯ

ರಂಗದ ಮುಂಭಾಗದ ಒಂದು ಮೂಲೆಯಲ್ಲಿ ಸನ್ಯಾಸಿಯೊಬ್ಬ ಕೈಮುಗಿದು ನಿಂತಿದ್ದಾನೆ. ಬೋಳು ತಲೆ, ಮುಚ್ಚಿದ ಕಣ್ಣು. ಎತ್ತರದಿಂದ ಅವನ ನೆತ್ತಿಯ ಮೇಲೆ ಹೊಂಬಣ್ಣದ ಅಕ್ಕಿ ಸಣ್ಣ ಧಾರೆಯಾಗಿ ಸುರಿಯುತ್ತಿದೆ. ನೆತ್ತಿಗೆ ತಾಗಿದ ಕಾಳು ಸಿಡಿದು, ಹೆಗಲಿಗಿಳಿದು, ಮುಗಿದ ಕೈಗಳ ಮೇಲೆ ಹಾದು, ಪಾದದ ಬಳಿ ರಾಶಿಯಾಗುತ್ತದೆ. ಒಂದು ಗಂಟೆಗೂ ಮೀರಿದ ಪ್ರದರ್ಶನದುದ್ದಕ್ಕೂ ಅವನು ಅಲುಗುವುದಿಲ್ಲ. ಅವನ ಬೆನ್ನ ಹಿಂದೆ ಯಾತ್ರಿಕರು ಊರುಗೋಲು ಹಿಡಿದು ನಡೆಯುತ್ತಾರೆ, ಬೀಳುತ್ತಾರೆ, ಏಳುತ್ತಾರೆ, ಕಾಳಿನಲ್ಲಿ ಹೊರಳುತ್ತಾರೆ. ದೃಶ್ಯಮುದ್ರಿಕೆಯಲ್ಲಿ ಇದನ್ನು ನೋಡುವಾಗಲೆಲ್ಲ ಕುಣಿಯುವವರನ್ನು ಬಿಟ್ಟು ನನ್ನ ಕಣ್ಣು ಈ ನಿಂತವನ ಕಡೆಗೇ ಹೋಗುತ್ತದೆ. ನಿಲ್ಲುವುದೂ ನೃತ್ಯವೇ ಎಂದು ಯಾರೂ ಹೇಳಿಕೊಡಬೇಕಿಲ್ಲ, ಇವನನ್ನು ನೋಡಿದರೆ ಸಾಕು.

ಈ ಕೃತಿ ‘ಸಾಂಗ್ಸ್ ಆಫ್ ದ ವಾಂಡರರ್ಸ್’. ಕಟ್ಟಿದವರು ತೈವಾನಿನ ಲಿನ್ ಹ್ವೈ-ಮಿನ್, 1994ರಲ್ಲಿ. ಹೆರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಮೊದಲೇ ಅವರ ಮನಸ್ಸಿನಲ್ಲಿತ್ತು. ಬೋಧಗಯೆಗೆ ಹೋಗಿ ಬೋಧಿವೃಕ್ಷದ ನೆರಳಿನಲ್ಲಿ ಕೂತು ಬಂದ ಮೇಲೆ ಕೃತಿ ರೂಪುಗೊಂಡಿತು. ಬುದ್ಧನ ಕಡೆಗೆ ಹೊರಟ ಈ ಯಾತ್ರೆಗೆ ಅವರು ಆರಿಸಿಕೊಂಡದ್ದು ಬೌದ್ಧ ಪಠಣವನ್ನಲ್ಲ, ಜಾರ್ಜಿಯಾ ದೇಶದ ರುಸ್ತಾವಿ ಗಾಯಕರ ಜಾನಪದ ಹಾಡುಗಳನ್ನು. ಗಂಡು ಕಂಠಗಳು ಒಂದರ ಮೇಲೊಂದು ಪದರಪದರವಾಗಿ ಕೂತು ಮೇಲೇಳುವ ಆ ಗಾಯನ, ಕೆಳಗೆ ಸರಸರ ಸುರಿಯುವ ಅಕ್ಕಿಯ ಸದ್ದು. ಈ ಎರಡೂ ಕೂಡಿದಾಗ ಕಿವಿಗೆ ಬೇರೇನೂ ಬೇಡವಾಗುತ್ತದೆ.

ರಂಗಕ್ಕೆ ಬರುವ ಅಕ್ಕಿ ಮೂರೂವರೆ ಟನ್. ಅದು ನದಿಯಾಗುತ್ತದೆ, ದಾರಿಯಾಗುತ್ತದೆ, ಕೊನೆಗೆ ಕುಂಭದ್ರೋಣ ಮಳೆಯಾಗಿ ನರ್ತಕರ ಮೇಲೆ ಸುರಿಯುತ್ತದೆ. ಇಷ್ಟಾದ ಮೇಲೆ, ಬೇರೆಯವರಾಗಿದ್ದರೆ ಪರದೆ ಎಳೆಯುತ್ತಿದ್ದ ಹೊತ್ತಿನಲ್ಲಿ, ಒಬ್ಬಾತ ಹಲ್ಲು ಕುಂಟೆಯಂಥ ಉದ್ದ ಹಿಡಿಯ ಸಲಕರಣೆ ಹಿಡಿದು ಬರುತ್ತಾನೆ. ಹರಡಿ ಬಿದ್ದ ಕಾಳಿನ ಮೇಲೆ ಒಂದು ಸುತ್ತು ಗೆರೆ ಎಳೆಯುತ್ತಾನೆ. ಅದರ ಹೊರಗೆ ಇನ್ನೊಂದು. ಮತ್ತೊಂದು. ಅವಸರವಿಲ್ಲ. ಹತ್ತಿರ ಹತ್ತಿರ ಇಪ್ಪತ್ತು ನಿಮಿಷ ಇದೇ ಕೆಲಸ. ರಂಗದ ತುಂಬ ಹೊನ್ನಿನ ಸುಳಿಯೊಂದು ಬಿಚ್ಚಿಕೊಳ್ಳುತ್ತದೆ. ಕಣದಲ್ಲಿ ಭತ್ತ ಹರಡಿ, ಕಾಲಲ್ಲಿ ಗೆರೆ ಎಳೆಯುತ್ತ ಒಣಗಿಸುವುದನ್ನು ಕಂಡ ನಮ್ಮ ಸೀಮೆಯವರಿಗೆ ಈ ದೃಶ್ಯದ ಅರ್ಥ ಕೇಳುವ ಗೋಜೇ ಬರುವುದಿಲ್ಲ.

ಲಿನ್ ಹುಟ್ಟಿದ್ದು 1947ರಲ್ಲಿ, ದಕ್ಷಿಣ ತೈವಾನಿನ ಚಿಯಾಯಿ ಸೀಮೆಯಲ್ಲಿ. ಅವರು ಮೊದಲು ಕತೆಗಾರ. ಹದಿನಾಲ್ಕನೆಯ ವಯಸ್ಸಿಗೇ ಕತೆ ಅಚ್ಚಾಯಿತು. ಬಂದ ಸಂಭಾವನೆ ನೃತ್ಯದ ಪಾಠಕ್ಕೆ ಹೋಯಿತು. 1969ರಲ್ಲಿ ಬಂದ ‘ಜೀರುಂಡೆ’ ಎಂಬ ಕಥಾಸಂಕಲನದಿಂದ ಸಾಹಿತ್ಯದಲ್ಲಿ ಹೆಸರೂ ಮಾಡಿದರು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರವಣಿಗೆಯ ಸ್ನಾತಕೋತ್ತರ ಪದವಿಗೆ. ಆದರೆ ನ್ಯೂಯಾರ್ಕಿನಲ್ಲಿ ಮಾರ್ಥಾ ಗ್ರಹಾಂ ಶಾಲೆಯ ನೆಲ ಅವರನ್ನು ಹಿಡಿದುಕೊಂಡಿತು. ಊರಿಗೆ ಮರಳಿ 1973ರಲ್ಲಿ, ಇಪ್ಪತ್ತಾರರ ಹರೆಯದಲ್ಲಿ, ‘ಕ್ಲೌಡ್ ಗೇಟ್’ ತಂಡ ಕಟ್ಟಿದರು. ಚೀನೀ ಭಾಷಿಕರ ಲೋಕದ ಮೊದಲ ಸಮಕಾಲೀನ ನೃತ್ಯತಂಡ ಅದು.

ಕತೆಗಾರನ ಕೈ ಅವರ ನೃತ್ಯದಿಂದ ಎಂದೂ ದೂರವಾಗಲಿಲ್ಲ. 1978ರ ‘ಲೆಗಸಿ’ಯನ್ನೇ ನೋಡಿ. ಚೀನದ ಕರಾವಳಿಯಿಂದ ದೋಣಿಯೇರಿ, ಭೀಕರ ಜಲಸಂಧಿ ದಾಟಿ ತೈವಾನಿಗೆ ಬಂದು ನೆಲೆಸಿದ ಪೂರ್ವಿಕರ ಕತೆ ಅದು. ಕಡಲೆಂದರೆ ಒಂದು ಉದ್ದನೆಯ ಬಿಳಿಬಟ್ಟೆ, ಅಷ್ಟೆ. ಅದು ಉಬ್ಬಿದರೆ ಅಲೆ, ಕುಸಿದರೆ ಕಂದರ, ಸೆಟೆದರೆ ದೋಣಿಯ ಹಾಯಿ. ಅದಕ್ಕೆದುರಾಗಿ ಮೈಗೆ ಮೈ ಒತ್ತಿ ನಿಂತ ಗುಂಪೊಂದು ಒಂದೇ ದೇಹದಂತೆ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಆ ಬಿಗಿ ಸುಮ್ಮನೆ ಬಂದದ್ದಲ್ಲ. ನದಿಪಾತ್ರದ ಕಲ್ಲುಗಳ ನಡುವೆ, ಕಲ್ಲು ಹೊತ್ತು, ಕಾಲು ಜಾರದಂತೆ ಲಿನ್ ತಮ್ಮ ನರ್ತಕರಿಗೆ ತಾಲೀಮು ಕೊಟ್ಟಿದ್ದರು. ಮೊದಲ ಪ್ರದರ್ಶನ ಡಿಸೆಂಬರ್ 16ರಂದು ಚಿಯಾಯಿಯಲ್ಲಿ. ತೈವಾನಿನೊಂದಿಗಿನ ರಾಜತಾಂತ್ರಿಕ ಸಂಬಂಧವನ್ನು ಅಮೆರಿಕ ಕಡಿದುಕೊಳ್ಳುವ ಸುದ್ದಿ ಬಂದದ್ದೂ ಅದೇ ದಿನ. ಕೈಬಿಟ್ಟುಹೋದೆವೆಂದು ಕಂಗೆಟ್ಟ ಜನರ ಮುಂದೆ ಅಂದು ರಾತ್ರಿ ಅವರ ಅಜ್ಜ-ಮುತ್ತಜ್ಜಂದಿರು ಕಡಲು ದಾಟಿದರು.

ಇಷ್ಟಕ್ಕೇ ನಿಂತಿದ್ದರೂ ಲಿನ್ ದೊಡ್ಡವರೇ. ಆದರೆ ನನಗೆ ಪ್ರಾಣವಾದದ್ದು 1990ರ ದಶಕದಲ್ಲಿ ಅವರು ಹಿಡಿದ ದಾರಿ. ಗ್ರಹಾಂ ಪದ್ಧತಿ, ಬ್ಯಾಲೆ, ಪೀಕಿಂಗ್ ಆಪೆರಾದ ಚಲನೆ, ಇವುಗಳಲ್ಲಿ ಪಳಗಿದ ಮೈಗಳನ್ನು ಅವರು ಧ್ಯಾನಕ್ಕೆ ಕೂರಿಸಿದರು. ತಾಯ್‌ಚಿ ದಾವೊಯಿನ್ ಎಂಬ ಉಸಿರಿನ ವಿದ್ಯೆಯ ಗುರುವನ್ನು ಕರೆಸಿದರು. ಕುಂಚ ಕೊಟ್ಟು ಅಕ್ಷರ ಬರೆಯಿಸಿದರು. ಬ್ಯಾಲೆ ದೇಹವನ್ನು ಆಕಾಶಕ್ಕೆ ಎಳೆದರೆ ಈ ವಿದ್ಯೆ ನೆಲಕ್ಕೆ ಇಳಿಸುತ್ತದೆ. ಮಂಡಿ ಬಾಗುತ್ತದೆ, ಸೊಂಟ ಕೆಳಗಿಳಿಯುತ್ತದೆ, ಹೊಕ್ಕುಳ ಕೆಳಗಿನಿಂದ ಎದ್ದ ಉಸಿರು ಬೆನ್ನುಹುರಿಯನ್ನು ಸುತ್ತಿ ಬೆರಳ ತುದಿಗೆ ಬರುತ್ತದೆ. ಭರತನಾಟ್ಯದ ಅರೆಮಂಡಿಯನ್ನು ನೋಡಿ ಬೆಳೆದ ಕಣ್ಣಿಗೆ ಇಲ್ಲಿ ಒಂದು ನೆಂಟಸ್ತಿಕೆ ಕಾಣುತ್ತದೆ. ಆದರೆ ಅರೆಮಂಡಿಯಲ್ಲಿ ರೇಖೆ ಖಚಿತ, ಕೋನ ಸ್ಪಷ್ಟ. ಇಲ್ಲಿ ಎಲ್ಲವೂ ದುಂಡು, ಒಂದು ಚಲನೆ ಮುಗಿಯುವ ಮೊದಲೇ ಇನ್ನೊಂದರ ಒಡಲಲ್ಲಿ ಸೇರಿರುತ್ತದೆ.

ಆ ದಾರಿಯ ತುದಿಯಲ್ಲಿ 1998ರ ‘ಮೂನ್ ವಾಟರ್’ ಇದೆ. ಬಿಳಿಯ ಸಡಿಲು ರೇಷ್ಮೆ ಷರಾಯಿ ತೊಟ್ಟ ನರ್ತಕರು, ಕಪ್ಪು ನೆಲ, ಮಿಷಾ ಮೈಸ್ಕಿ ಒಂಟಿ ಚೆಲ್ಲೊದಲ್ಲಿ ನುಡಿಸಿದ ಬಾಕ್. ಬಾಕ್‌ನ ಸ್ವರಗಳಿಗೆ ತಾಳ ಹಿಡಿದಂತೆ ಯಾರೂ ಇಲ್ಲಿ ಕುಣಿಯುವುದಿಲ್ಲ. ಬಿಲ್ಲು ತಂತಿಯ ಮೇಲೆ ಎಷ್ಟು ಹೊತ್ತು ತಂಗುತ್ತದೋ ದೇಹವೂ ಅಷ್ಟು ಹೊತ್ತು ತಂಗುತ್ತದೆ. ಸ್ವರ ತಿರುಗಿದ ಮೇಲೆ, ಒಂದು ಉಸಿರಿನಷ್ಟು ತಡೆದು, ತೋಳು ತಿರುಗುತ್ತದೆ. ಆ ತೋಳು ಏಳುವುದನ್ನು ನೋಡಬೇಕು. ಉಕ್ಕುವ ಮುಂಚೆ ಹಾಲಿನ ಕೆನೆ ಮೆಲ್ಲಗೆ ಉಬ್ಬುವ ಹಾಗೆ, ಒಳಗಿನ ಕಾವಿನಿಂದ, ತನ್ನಷ್ಟಕ್ಕೇ ಏಳುತ್ತದೆ. ಎತ್ತಿದವರು ಯಾರೆಂದು ತಿಳಿಯದು. ರೇಷ್ಮೆಯೂ ಸುಮ್ಮನಿರುವುದಿಲ್ಲ, ಕಾಲು ತಿರುಗಿ ನಿಂತ ಮೇಲೂ ಬಟ್ಟೆ ಇನ್ನರ್ಧ ಸುತ್ತು ತಿರುಗಿ, ಗಾಳಿಯನ್ನು ಬಿಟ್ಟುಕೊಟ್ಟು, ನಿಧಾನವಾಗಿ ಮೀನಖಂಡಕ್ಕೆ ಅಂಟುತ್ತದೆ.

ಕೊನೆಯ ಭಾಗದಲ್ಲಿ ರಂಗದ ಮೇಲೆ ತೆಳುವಾಗಿ ನೀರು ಹರಿದುಬರುತ್ತದೆ. ಮೊದಲು ಗೊತ್ತೇ ಆಗುವುದಿಲ್ಲ. ನೆಲ ಮಿರುಗುತ್ತದೆ, ಪಾದದ ಸುತ್ತ ಒಂದು ಬೆಳಕಿನ ಬಳೆ ಮೂಡುತ್ತದೆ, ಆಮೇಲೆ ಒಬ್ಬಳು ಕಾಲೆಳೆದಾಗ ಹನಿಗಳು ಕಮಾನಾಗಿ ಚಿಮ್ಮುತ್ತವೆ. ಅಷ್ಟರಲ್ಲಿ ಹಿಂದೆಯೂ ಮೇಲೂ ಕನ್ನಡಿಗಳು ಕಾಣಿಸಿಕೊಂಡಿರುತ್ತವೆ. ನೀರಿನಲ್ಲೊಬ್ಬಳು, ಕನ್ನಡಿಯಲ್ಲೊಬ್ಬಳು, ನಡುವೆ ಒದ್ದೆ ರೇಷ್ಮೆಯಲ್ಲಿ ನಿಜವಾದವಳು. ಇಂಥ ಕಡೆ ಲಿನ್ ಒಂದಿಷ್ಟೂ ಅಬ್ಬರಿಸುವುದಿಲ್ಲ. ಚೌಕಕಾಲದಲ್ಲಿ ಪದ ಹಾಡುವ ಹಿರಿಯ ಗಾಯಕಿಯರಿಗೆ ಇರುವ ಧೈರ್ಯ ಅವರದು: ಕೇಳುಗ ಕಾಯುತ್ತಾನೆ ಎಂಬ ನಂಬಿಕೆ.

ಕುಂಚದ ಪಾಠದಿಂದ ಹುಟ್ಟಿದ್ದು ‘ಕರ್ಸಿವ್’ ತ್ರಿವಳಿ: 2001, 2003, 2005. ಮೂರರಲ್ಲಿ ನನ್ನ ಓಟು ಕೊನೆಯ ‘ವೈಲ್ಡ್ ಕರ್ಸಿವ್’ಗೆ. ಮೇಲಿನಿಂದ ಉದ್ದುದ್ದ ಕಾಗದದ ಪಟಗಳು ಇಳಿಬಿದ್ದಿವೆ. ಪ್ರದರ್ಶನ ನಡೆಯುತ್ತಿದ್ದಂತೆ ಕಪ್ಪು ಮಸಿ ಆ ಕಾಗದದ ಮೇಲೆ ತಾನಾಗಿ ಇಳಿಯುತ್ತ, ಇಂಗುತ್ತ, ಕವಲೊಡೆಯುತ್ತ ಸಾಗುತ್ತದೆ. ಪ್ರತಿ ರಾತ್ರಿಯ ಚಿತ್ರ ಬೇರೆ, ಮರುದಿನಕ್ಕೆ ಉಳಿಯುವುದಿಲ್ಲ. ಕೆಳಗೆ ನರ್ತಕರು, ಸಂಗೀತವೆಂದರೆ ಅವರ ಉಸಿರು, ಪಾದದ ಬಡಿತ, ಜೀರುಂಡೆಗಳ ದನಿ, ಅಲೆಗಳ ಮೊರೆತ. ಒಬ್ಬಾತ ಹೂಂಕರಿಸಿ ಉಸಿರು ಬಿಟ್ಟಾಗ ಮೈ ಛಟ್ಟನೆ ತಿರುಗುತ್ತದೆ. ಅದು ಕುಂಚ ಕಾಗದಕ್ಕೆ ತಾಗಿದ ಗಳಿಗೆ. ಆಮೇಲಿನ ನಿಧಾನದ ಎಳೆತ, ಮಸಿ ತೀರುತ್ತ ಬಂದ ಕುಂಚದ ಒರಟು ಗೆರೆ. ಅಕ್ಷರ ಓದಲು ಬರದ ನಮಗೂ ಬರೆಯುವ ಸುಖ ಸಿಗುತ್ತದೆ.

ಈ ಮೈಗಳು ಒಂದು ದಿನದಲ್ಲಿ ತಯಾರಾದವಲ್ಲ. ಅದರ ಹಿಂದೆ ಲಿನ್ ಎಂಬ ಮೇಷ್ಟ್ರು ಇದ್ದಾರೆ. ಇಂದಿನ ತೈಪೆ ರಾಷ್ಟ್ರೀಯ ಕಲಾ ವಿಶ್ವವಿದ್ಯಾಲಯದ ನೃತ್ಯ ವಿಭಾಗವನ್ನು 1983ರಲ್ಲಿ ಕಟ್ಟಿದವರು ಅವರೇ. ಬ್ಯಾಲೆ, ಆಧುನಿಕ ನೃತ್ಯದ ಜೊತೆಗೇ ಪೀಕಿಂಗ್ ಆಪೆರಾದ ಅಂಗಸಾಧನೆ, ತಾಯ್‌ಚಿಗಳನ್ನೂ ಅಲ್ಲಿ ಪಾಠವಾಗಿ ಕಲಿಸುತ್ತಾರೆ. ಪರದೇಶದ್ದನ್ನು ಪೂರ್ತಿ ಕಲಿ, ಮನೆಯದನ್ನೂ ಅಷ್ಟೇ ಪೂರ್ತಿ ಕಲಿ, ಆಮೇಲೆ ನಿನ್ನದನ್ನು ಹುಡುಕು ಎಂಬುದು ಆ ಪಠ್ಯಕ್ರಮದ ಜೀವಾಳ.

ಅದೇ ವಿಭಾಗದಲ್ಲಿ ಪಾಠ ಮಾಡಿ, ಮುಖ್ಯಸ್ಥೆಯೂ ಆದವರು ಕ್ಲೌಡ್ ಗೇಟಿನ ಮಹಾ ನರ್ತಕಿ ಲೋ ಮಾನ್-ಫೇ. ತಿಯಾನನ್ಮೆನ್ ಚೌಕದ ಹತ್ಯಾಕಾಂಡದ ನಂತರ 1989ರಲ್ಲಿ ಲಿನ್ ಆಕೆಗಾಗಿ ಒಂದು ಏಕವ್ಯಕ್ತಿ ಶೋಕಗೀತೆ ಕಟ್ಟಿಕೊಟ್ಟರು. ಅದರಲ್ಲಿರುವುದು ಒಂದೇ ಕ್ರಿಯೆ, ಸುತ್ತುವುದು. ಸುಮಾರು ಹತ್ತು ನಿಮಿಷ, ಉದ್ದನೆಯ ಲಂಗದಲ್ಲಿ, ನಿಂತ ಜಾಗ ಬಿಡದೆ ಆಕೆ ಸುತ್ತುತ್ತಾರೆ. ಬೆನ್ನು ಬಾಗುತ್ತದೆ, ತೋಳು ಬೇಡುತ್ತದೆ, ತಲೆ ಹಿಂದಕ್ಕೆ ವಾಲುತ್ತದೆ. ಸುತ್ತು ಮಾತ್ರ ನಿಲ್ಲುವುದಿಲ್ಲ. 1999ರಲ್ಲಿ ಹೊಸಬರಿಗಾಗಿ ಕ್ಲೌಡ್ ಗೇಟಿನ ಎರಡನೇ ತಂಡ ಹುಟ್ಟಿದಾಗ ಅದರ ಮೊದಲ ಕಲಾ ನಿರ್ದೇಶಕಿಯೂ ಆಕೆಯೇ. 2006ರಲ್ಲಿ ತೀರಿಕೊಂಡರು. ಒಬ್ಬ ಮೇಷ್ಟ್ರ ಬೆಲೆ ತಿಳಿಯಬೇಕಾದರೆ ಅವರ ಸುತ್ತ ಬೆಳೆದವರನ್ನು ನೋಡಬೇಕು. ಲೋ ಮಾನ್-ಫೇ ಅಂಥವರು.

1999ರಲ್ಲೇ ಲಿನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ರಶಸ್ತಿಯ ಅದೇ ವಿಭಾಗದಲ್ಲಿ ಎಂಟು ವರ್ಷ ಮುಂಚೆ ಅದನ್ನು ಪಡೆದವರು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ. ಈ ಸಾಲು ನನಗೆ ಬಹಳ ಇಷ್ಟ. ಹಳ್ಳಿಯಲ್ಲಿ ಜಗತ್ತಿನ ನಾಟಕ ಆಡಿಸಿದವರ ಪಕ್ಕದಲ್ಲಿ, ಯುರೋಪು ಅಮೆರಿಕ ಗೆದ್ದ ನೃತ್ಯವನ್ನು ವರ್ಷವರ್ಷವೂ ಬಯಲಿನಲ್ಲಿ, ಬಿಟ್ಟಿಯಾಗಿ, ಸಾವಿರಾರು ಜನಕ್ಕೆ ತೋರಿಸಿದವರು. 2008ರಲ್ಲಿ ತಂಡದ ತಾಲೀಮು ಮನೆ ಬೆಂಕಿಗೆ ಆಹುತಿಯಾದಾಗ ಆ ಜನವೇ ದುಡ್ಡು ಕೂಡಿಸಿದರು. 2015ರಲ್ಲಿ ತಮ್‌ಸೂಯಿಯ ಗುಡ್ಡದ ಮೇಲೆ ಕ್ಲೌಡ್ ಗೇಟಿನ ಸ್ವಂತ ರಂಗಮಂದಿರ ಎದ್ದು ನಿಂತಿತು.

ತಂಡಕ್ಕೆ ನಲವತ್ತು ತುಂಬಿದಾಗ, 2013ರಲ್ಲಿ, ಲಿನ್ ಮತ್ತೆ ಅಕ್ಕಿಗೇ ಬಂದರು. ‘ರೈಸ್’ ಕೃತಿಗಾಗಿ ನರ್ತಕರನ್ನು ಪೂರ್ವ ತೈವಾನಿನ ಚಿಷಾಂಗ್ ಎಂಬ ಭತ್ತದ ಊರಿಗೆ ಕರೆದೊಯ್ದು ರೈತರ ಜೊತೆ ಗದ್ದೆಯಲ್ಲಿ ಕೊಯ್ಲಿಗೆ ಇಳಿಸಿದರು. ನೀರು ನಿಂತ ಗದ್ದೆ, ಹಸಿರು ಪೈರು, ಬಾಗಿದ ತೆನೆ, ಸುಡುವ ಕೂಳೆ: ಅದೇ ಊರಿನ ಹೊಲಗಳ ಚಿತ್ರ ಹಿಂದಿನ ಪರದೆಯ ಮೇಲೆ ಚಲಿಸುತ್ತದೆ. ಮುಂದೆ ಬರಿಗಾಲಿನ ಹುಡುಗಿಯರು ಅಂಗಾಲನ್ನು ಪೂರ್ತಿ ಊರಿ ನೆಲವನ್ನು ಬಡಿಯುತ್ತಾರೆ. ಆ ಬಡಿತದಲ್ಲಿ ಸಿಟ್ಟಿಲ್ಲ, ಆರ್ಭಟವಿಲ್ಲ, ಕೆಸರಿನ ಗುರುತು ಹತ್ತಿದ ಪಾದದ ಆತ್ಮವಿಶ್ವಾಸವಿದೆ. ಹಕ್ಕಾ ಜನರ ಹಾಡು ಒಂದು ಕಡೆ, ಬೆಲ್ಲಿನಿಯ ಆಪೆರಾ ಇನ್ನೊಂದು ಕಡೆ. ಗದ್ದೆ ಎರಡನ್ನೂ ಬೇಸರವಿಲ್ಲದೆ ಕೇಳಿಸಿಕೊಳ್ಳುತ್ತದೆ.

2019ರ ಕೊನೆಗೆ ಲಿನ್ ನಿವೃತ್ತರಾದರು. ತಂಡ ಈಗ ಚೆಂಗ್ ತ್ಸುಂಗ್-ಲುಂಗ್ ಅವರ ಕೈಯಲ್ಲಿದೆ. ಅವರೂ ಅದೇ ವಿಶ್ವವಿದ್ಯಾಲಯದ ನೃತ್ಯ ವಿಭಾಗದಲ್ಲಿ ಕಲಿತವರು. ನಮ್ಮ ಕಾಲದ ನೃತ್ಯಕ್ಕೆ ನಿಧಾನದ ಘನತೆಯನ್ನು ಇಷ್ಟು ತುಂಬಿ ಕೊಟ್ಟವರು ಇನ್ನೊಬ್ಬರಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಓದುಗರೇ, ಮೊದಲು ‘ಮೂನ್ ವಾಟರ್’ ನೋಡಿ. ಮೊಬೈಲಿನ ಪುಟ್ಟ ತೆರೆ ಬೇಡ, ಸಿಕ್ಕಷ್ಟು ದೊಡ್ಡ ತೆರೆ ಹುಡುಕಿ, ನಡುವೆ ಏಳದೆ ಪೂರ್ತಿ ನೋಡಿ. ಮೊದಲ ಹತ್ತು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸಿದರೆ ಇನ್ನೂ ಹತ್ತು ನಿಮಿಷ ಕೊಡಿ.