ಹಗೆಯ ಬಾಗಿಲಿನ ಭಿಕ್ಷೆ: ಹಲಗೂರು ಪ್ರಸಂಗ ಮತ್ತು ಶತ್ರುಪ್ರೇಮದ ಕರೆ

ಹಗೆಯನ್ನೂ ಪ್ರೀತಿಸಬೇಕೆಂಬ ಕ್ರೈಸ್ತ ಬೋಧೆಗೆ ಭಾರತೀಯ ಪರಂಪರೆಗಳಲ್ಲಿ ಸಮಾನ ನೆಲೆಗಳನ್ನು ಗುರುತಿಸುವ ಪ್ರಯತ್ನ ತೌಲನಿಕ ಅಧ್ಯಯನಕ್ಕೆ ಹೊಸದಲ್ಲ. ಸಹನೆ, ಕ್ಷಮೆ, ಅಹಿಂಸೆಗಳು ಎಲ್ಲಿ ಕಂಡರೂ ಅವನ್ನು ಆ ಬೋಧೆಯೊಂದಿಗೆ ಸಮೀಕರಿಸುವುದು ರೂಢಿಯಾಗಿದೆ. ಆದರೆ ಕೆಲವೊಮ್ಮೆ ಸಾಮ್ಯಕ್ಕಿಂತ ವ್ಯತ್ಯಾಸವೇ ಹೆಚ್ಚಿನದನ್ನು ತಿಳಿಸುತ್ತದೆ. ಮದ್ದೂರು, ಮಳವಳ್ಳಿ ಸೀಮೆಯ ನೀಲಗಾರರು ಹಾಡಿಕೊಂಡು ಬಂದಿರುವ ಮಂಟೇಸ್ವಾಮಿ ಕಾವ್ಯದ ಹಲಗೂರು ಪ್ರಸಂಗವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದಾಗಿದೆ. ಈಗಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣಕ್ಕೆ 17ನೆಯ ಶತಮಾನದ ಮಧ್ಯಭಾಗದಲ್ಲಿಯೇ ಜೆಸ್ವಿಟ್ ಪಾದ್ರಿಗಳು ಬಂದಿದ್ದರು. ಹಾಗೆಂದು ಕಾವ್ಯದಲ್ಲಿ ಕ್ರೈಸ್ತ ಪ್ರಭಾವವನ್ನು ಹುಡುಕಬೇಕಾಗಿಲ್ಲ. ಹಗೆಯ ಎದುರು ನಿಂತವನು ಏನು ಮಾಡಬೇಕೆಂಬ ಒಂದೇ ಪ್ರಶ್ನೆಗೆ ದೊರೆತ ಎರಡು ಉತ್ತರಗಳನ್ನು ಹೋಲಿಸುವುದಷ್ಟೇ ಇಲ್ಲಿ ಪ್ರಸ್ತುತ.

ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯ ಹಾಗೂ ಲೂಕನ ಸುವಾರ್ತೆಯ 6ನೆಯ ಅಧ್ಯಾಯಗಳಲ್ಲಿ ಈ ಕರೆ ಬರುತ್ತದೆ. ಗ್ರೀಕ್ ಮೂಲದ ‘ಅಗಪಾವೊ’ ಎಂಬ ಕ್ರಿಯಾಪದವು ಇಲ್ಲಿ ಮನಸ್ಸಿನ ಒಲವಿಗಿಂತ ಮಿಗಿಲಾಗಿ ಎದುರಾಳಿಯ ಹಿತವನ್ನು ಬಯಸಿ ನಡೆಯುವ ಸಂಕಲ್ಪವನ್ನು ಸೂಚಿಸುತ್ತದೆ. ಸೂರ್ಯನೂ ಮಳೆಯೂ ಒಳ್ಳೆಯವರು ಕೆಟ್ಟವರೆಂಬ ಭೇದವಿಲ್ಲದೆ ಎಲ್ಲರಿಗೂ ದೊರೆಯುವುದನ್ನು ಮತ್ತಾಯನು ನಿದರ್ಶನವಾಗಿ ಕೊಡುತ್ತಾನೆ. ಹಗೆಯು ಮನಸ್ಸು ಬದಲಿಸಬೇಕೆಂಬ ಷರತ್ತು ಅಲ್ಲಿಲ್ಲ. ಈ ಮಾತನ್ನು ಮೊದಲು ಕೇಳಿದವರು ರೋಮನ್ ಆಳ್ವಿಕೆಗೆ ಒಳಪಟ್ಟಿದ್ದ ಜನ ಎಂಬುದು ಗಮನಾರ್ಹ.

ಹಲಗೂರು ಪ್ರಸಂಗದ ನಾಯಕ ಸಿದ್ಧಪ್ಪಾಜಿ. ಅವನ ಪೂರ್ವಾಶ್ರಮದ ಹೆಸರು ಕೆಂಪಾಚಾರಿ. ಮದ್ದೂರು ತಾಲ್ಲೂಕಿನ ನಿಡಘಟ್ಟದ ಕಮ್ಮಾರ ಮನೆತನದವನು. ಮಂಟೇಸ್ವಾಮಿಯ ಶಿಷ್ಯನಾದ ಬಳಿಕ ಗುರುವಿನ ಅಪ್ಪಣೆಯಂತೆ ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಅಲ್ಲಿಯ ಪಾಂಚಾಳರು ಕಬ್ಬಿಣವಿದ್ದೂ ಇಲ್ಲವೆನ್ನುತ್ತಾರೆ. ಜೀವಕ್ಕೆ ಸಂಚಕಾರ ತರುವ ಪರೀಕ್ಷೆಗಳನ್ನು ಒಡ್ಡುತ್ತಾರೆ. ಹಾಡುಗಾರರಿಂದ ಹಾಡುಗಾರರಿಗೆ ವಿವರಗಳು ಬದಲಾದರೂ ಕಥೆಯ ಹಂದರ ಇದೇ. ಸಿದ್ಧಪ್ಪಾಜಿ ಹಿಂಸೆಯನ್ನು ಸಹಿಸಿ ಪವಾಡ ಗೆಲ್ಲುತ್ತಾನೆ. ಪಾಂಚಾಳರು ಮಣಿಯುತ್ತಾರೆ, ಕಬ್ಬಿಣ ಗುರುವಿಗೆ ಸಲ್ಲುತ್ತದೆ.

ಸಿದ್ಧಪ್ಪಾಜಿಯ ಈ ಸಹನೆಯನ್ನು ಶತ್ರುಪ್ರೇಮವೆಂದು ಕರೆಯಲು ಬರುವುದಿಲ್ಲ. ಅವನ ತಾಳ್ಮೆಯ ಹಿಂದೆ ಗುರುವಿನ ಶಕ್ತಿಯ ಭರವಸೆಯಿದೆ, ಮುಂದೆ ಜಯದ ನಿರೀಕ್ಷೆಯಿದೆ. ಹಗೆ ಇಲ್ಲಿ ಸೋತ ಮೇಲೆಯೇ ಒಪ್ಪಿತನಾಗುತ್ತಾನೆ. ಸುವಾರ್ತೆಯಲ್ಲಿಯಾದರೋ ಹಗೆಯು ಸೋಲುವ ಮೊದಲೇ, ಎಂದೂ ಸೋಲದಿದ್ದರೂ, ಪ್ರೀತಿಗೆ ಪಾತ್ರನು. ಈ ಅಂತರವನ್ನು ಮರೆಮಾಚಿದರೆ ಎರಡೂ ಪರಂಪರೆಗಳಿಗೆ ಅನ್ಯಾಯವಾಗುತ್ತದೆ.

ಹಾಗೆಂದಮಾತ್ರಕ್ಕೆ ಕಾವ್ಯದ ನೆಲೆ ಕಿರಿದೆಂದು ತೀರ್ಮಾನಿಸುವುದು ಅವಸರವಾದೀತು. ಶತ್ರುಪ್ರೇಮವನ್ನು ಕುರಿತ ಸಾಮಾನ್ಯ ವ್ಯಾಖ್ಯಾನಗಳು ಕಡೆಗಣಿಸುವ ಎರಡು ಸಂಗತಿಗಳನ್ನು ಅದು ಮುನ್ನೆಲೆಗೆ ತರುತ್ತದೆ. ಮೊದಲನೆಯದು, ಹಗೆಯು ಹೊರಗಿನವನಲ್ಲ. ಕುಲುಮೆಯ ಮನೆಯಲ್ಲಿ ಹುಟ್ಟಿದವನೇ ಕುಲುಮೆಯವರ ಬಾಗಿಲಲ್ಲಿ ನಿಂತು ಬೇಡುತ್ತಾನೆ. ಆದ್ದರಿಂದ ಈ ಪ್ರಸಂಗವನ್ನು ಒಂದು ಸಮುದಾಯದ ನಿಂದೆಯೆಂದು ಓದುವುದು ಸರಿಯಲ್ಲ. ಇದು ಒಡಹುಟ್ಟಿದವರ ನಡುವಣ ಕಲಹ. ಎರಡನೆಯದು, ಹಗೆತನಕ್ಕೆ ಇಲ್ಲೊಂದು ಲೌಕಿಕ ಕಾರಣವಿದೆ. ಕಬ್ಬಿಣ ಒಬ್ಬರ ಕೈಯಲ್ಲಿದೆ, ಇನ್ನೊಬ್ಬರಿಗೆ ಬೇಕಾಗಿದೆ. ಇರುವುದನ್ನು ಇಲ್ಲವೆನ್ನುವ ಸುಳ್ಳಿನಿಂದ ವೈರ ಹುಟ್ಟುತ್ತದೆ. ಆ ಸುಳ್ಳನ್ನು ಬಯಲುಮಾಡದ ಪ್ರೀತಿ ಈ ಕಾವ್ಯಕ್ಕೆ ಅರ್ಥಹೀನ.

ನೀಲಗಾರರಲ್ಲಿ ದಲಿತರೂ ಇತರ ಕೆಳಸಮುದಾಯದವರೂ ಹೆಚ್ಚಿನ ಸಂಖ್ಯೆಯಲ್ಲಿರುವುದನ್ನು ಇಲ್ಲಿ ನೆನೆಯಬೇಕು. ಉಳ್ಳವರು ಇಲ್ಲದವರಿಗೆ ಹಗೆಯನ್ನು ಪ್ರೀತಿಸಿರೆಂದು ಬೋಧಿಸಿದಾಗ ಆ ಮಾತು ಬಾಯಿಮುಚ್ಚಿಸುವ ಉಪಾಯವಾಗಬಲ್ಲದು. ಇನ್ನೊಂದು ಕೆನ್ನೆಯನ್ನು ತೋರುವುದು ಶರಣಾಗತಿಯಲ್ಲ, ಹೊಡೆದವನ ಎದುರು ತನ್ನ ಘನತೆಯನ್ನು ಸ್ಥಾಪಿಸುವ ಕ್ರಿಯೆಯೆಂದು ವಾಲ್ಟರ್ ವಿಂಕ್ ಅವರಂಥ ದೇವತಾಶಾಸ್ತ್ರಜ್ಞರು ವ್ಯಾಖ್ಯಾನಿಸಿರುವುದು ಈ ಅಪಾಯವನ್ನು ಅರಿತೇ. ಈ ಅರ್ಥದಲ್ಲಿ, ಕೊಡುವವರೆಗೂ ಬಾಗಿಲು ಬಿಡದ ಸಿದ್ಧಪ್ಪಾಜಿಯ ನಿಲುವು ಸುವಾರ್ತೆಗೆ ಸಮೀಪದ್ದೇ ಆಗಿದೆ.

ಇದೇ ಸೀಮೆಯ ಮತ್ತೊಂದು ಘಟನೆ ಈ ಚರ್ಚೆಗೆ ಪೂರಕವಾಗಿದೆ. 1938ರ ಏಪ್ರಿಲ್‌ನಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಮೈಸೂರು ಕಾಂಗ್ರೆಸ್ ಅಧಿವೇಶನವು ನಿಷೇಧವನ್ನು ಮೀರಿ ಧ್ವಜ ಹಾರಿಸಿತು. ಈ ಸತ್ಯಾಗ್ರಹದ ಮಾರ್ಗವನ್ನು ರೂಪಿಸಿದ ಗಾಂಧೀಜಿ, ಪರ್ವತ ಪ್ರಸಂಗವು ತಮ್ಮ ಹೃದಯವನ್ನು ಮುಟ್ಟಿತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಇಲ್ಲಿ ಪವಾಡವಿರಲಿಲ್ಲ; ಬಂಧನಕ್ಕೆ ಒಳಗಾಗುವ ಸಿದ್ಧತೆ ಮಾತ್ರ ಇತ್ತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲೀಬಾರು ನಡೆದು ಸತ್ಯಾಗ್ರಹಿಗಳ ರಕ್ತ ಹರಿಯಿತು. ಅನಂತರದ ಪಟೇಲ್–ಮಿರ್ಜಾ ಒಪ್ಪಂದದಂತೆ ಕಾಂಗ್ರೆಸ್ಸಿನ ಧ್ವಜವೂ ಮೈಸೂರು ಸಂಸ್ಥಾನದ ಧ್ವಜವೂ ಜೊತೆಯಾಗಿ ಹಾರಲು ಅವಕಾಶವಾಯಿತು. ಎದುರಾಳಿಯ ಧ್ವಜವನ್ನು ಇಳಿಸದೆಯೇ ತಮ್ಮ ಧ್ವಜವನ್ನು ಏರಿಸಿದ ಈ ಪರಿಹಾರದಲ್ಲಿ ಹಗೆಯು ಮಣಿಯಲಿಲ್ಲ, ಅಳಿಯಲೂ ಇಲ್ಲ.

ಒಟ್ಟಿನಲ್ಲಿ, ಹಗೆಯು ಬದಲಾಗಲಿ ಬಿಡಲಿ ಅವನ ಹಿತವನ್ನು ಬಯಸಬೇಕೆಂಬುದು ಸುವಾರ್ತೆಯ ಸತ್ವ. ಅವನು ಬಚ್ಚಿಟ್ಟಿರುವುದನ್ನು ಕೇಳದೆ ಬಿಡಬಾರದೆಂಬುದು ಹಲಗೂರು ಪ್ರಸಂಗದ ಸತ್ವ. ಮೊದಲನೆಯದನ್ನು ಬಿಟ್ಟ ಹೋರಾಟ ಸೇಡಾಗಬಹುದು. ಎರಡನೆಯದನ್ನು ಬಿಟ್ಟ ಪ್ರೀತಿ ಅನ್ಯಾಯಕ್ಕೆ ಹೊದಿಕೆಯಾಗಬಹುದು. ಇವೆರಡನ್ನು ಒಂದೆಂದು ಸಾರುವುದಕ್ಕಿಂತ, ಒಂದರ ಕೊರತೆಯನ್ನು ಇನ್ನೊಂದರ ಎದುರಿನಲ್ಲಿಟ್ಟು ನೋಡುವುದೇ ತೌಲನಿಕ ವಿಮರ್ಶೆಯ ಹೊಣೆ.